ಕನಕಪುರ ರಸ್ತೆಯಲ್ಲಿ ಒಂದು ಮತದ ಜಾಡು

ಬೆಂಗಳೂರಿನಿಂದ ಹೊರಡುವ ಹೆದ್ದಾರಿಗಳ ಪೈಕಿ ಕನಕಪುರ ರಸ್ತೆಗೆ ಮೈಸೂರು ರಸ್ತೆಯ ಭರಾಟೆಯಿಲ್ಲ, ತುಮಕೂರು ರಸ್ತೆಯ ಲಾರಿಗಳ ಸಾಲೂ ಇಲ್ಲ. ಬಸವನಗುಡಿ, ಜಯನಗರಗಳ ಮಗ್ಗುಲಲ್ಲಿ ಹಾದು, ಬನಶಂಕರಿ ಅಮ್ಮನವರ ಗುಡಿಯ ನಿಂಬೆಹಣ್ಣಿನ ದೀಪಗಳನ್ನು ಬಲಕ್ಕೋ ಎಡಕ್ಕೋ ಬಿಟ್ಟು, ಮೆಟ್ರೊ ಕಂಬಗಳ ನೆರಳಿನಲ್ಲಿ ರೇಷ್ಮೆ ಸಂಸ್ಥೆಯವರೆಗೆ ತೆವಳುವ ಈ ದಾರಿ ಅಲ್ಲಿಂದಾಚೆಗೆ ಸ್ವಲ್ಪ ಉಸಿರು ಬಿಡುತ್ತದೆ. ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ ಕಳೆದು ಕಾವೇರಿಯನ್ನು ದಾಟಿದರೆ ಕೊಳ್ಳೇಗಾಲ. ಮುಂದೆ ಯಳಂದೂರು, ಸಂತೆಮರಹಳ್ಳಿ, ಚಾಮರಾಜನಗರ. ಅಲ್ಲಿಂದ ದಿಂಬಂ ಘಾಟಿ ಇಳಿದು ಕೊಯಮತ್ತೂರಿನ ಕಡೆ. ಹಳಬರಿಗೆ ಇದು 209ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಈಗ ಫಲಕಗಳಲ್ಲಿ 948 ಎಂದಿದೆ.

ಶಿವನಸಮುದ್ರದ ಜಲಪಾತ ನೋಡಲು, ಮಲೆ ಮಹದೇಶ್ವರನಿಗೆ ಹರಕೆ ತೀರಿಸಲು, ಬಿಳಿಗಿರಿರಂಗನ ದರ್ಶನಕ್ಕೆ ಈ ದಾರಿಯಲ್ಲಿ ಹೋದವರು ಅಸಂಖ್ಯ. ನಾನು ಈ ಸಲ ಹೊರಟದ್ದು ಬೇರೆಯೇ ಒಂದು ಸೋಜಿಗವನ್ನು ನೋಡಲು. ಚುನಾವಣೆಯ ಲೆಕ್ಕದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಇಷ್ಟು ವಿಚಿತ್ರವಾದ ರಸ್ತೆ ಕರ್ನಾಟಕದಲ್ಲಿ ಇನ್ನೊಂದಿರಲಾರದು. ಇದರ ಒಂದು ತುದಿಯಲ್ಲಿ 16 ಮತಗಳಿಂದ ಶಾಸಕರು ಆರಿಸಿಬಂದ ಬಡಾವಣೆಯಿದೆ. ನಡುವೆ 1,22,392 ಮತಗಳ ಅಂತರದಿಂದ ಆರಿಸಿ ಕಳಿಸಿದ ಊರಿದೆ. ಇನ್ನೊಂದು ತುದಿಯ ಸಮೀಪದಲ್ಲಿ ಒಂದೇ ಒಂದು ಮತದಿಂದ ಗೆಲುವು ಸೋಲು ತೀರ್ಮಾನವಾದ ಊರೂ ಇದೆ. ‘ನಮ್ಮ ಕಡೆ ಯಾರು ಗೆಲ್ಲುತ್ತಾರೆಂದು ಗೊತ್ತೇ ಇದೆ, ನಾವು ಹೋಗಿ ಆಗಬೇಕಾದ್ದೇನು?’ ಎಂಬ ಮಾತನ್ನು ಒರೆಗೆ ಹಚ್ಚಿ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಎಲ್ಲಿ ಸಿಕ್ಕೀತು?

ಜಯನಗರ: ಒಂದೇ ಬೀದಿ, ಎರಡು ಲೆಕ್ಕ

ಜಯನಗರ 1948ರಲ್ಲಿ ಹುಟ್ಟಿದ ಬಡಾವಣೆ. ಆ ವರ್ಷ ರಾಜಾಜಿಯವರು ಬಂದು ಅಡಿಗಲ್ಲು ಹಾಕಿದ ನೆನಪಿಗೆ ಅಶೋಕ ಸ್ತಂಭ ಇಂದಿಗೂ ನಿಂತಿದೆ. ಜಯಚಾಮರಾಜ ಒಡೆಯರ ಹೆಸರು ಹೊತ್ತ ಈ ಬಡಾವಣೆಯ ಅಗಲವಾದ ರಸ್ತೆಗಳು, ಸಾಲುಮರಗಳು, ನಾಲ್ಕನೇ ಬ್ಲಾಕಿನ ಅಂಗಡಿಗಳು ಬೆಂಗಳೂರಿನವರಿಗೆಲ್ಲ ಪರಿಚಿತ. ವಿದ್ಯಾವಂತರು, ನಿವೃತ್ತ ನೌಕರರು, ವ್ಯಾಪಾರಸ್ಥರು ತುಂಬಿರುವ ಜಾಗ. ಬೆಳಗಿನ ವಾಕಿಂಗಿನಲ್ಲಿ ರಾಜಕೀಯ ಮಾತನಾಡದವರು ಇಲ್ಲಿ ಅಪರೂಪ.

ಇಲ್ಲಿನ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಮಾತು ಚುನಾವಣೆಯ ಕಡೆ ತಿರುಗಿತು. 2024ರ ಲೋಕಸಭಾ ಚುನಾವಣೆಯ ಮತದಾನ ಏಪ್ರಿಲ್ 26ರ ಶುಕ್ರವಾರ ಬಿದ್ದಿತ್ತು. ಶನಿವಾರ, ಭಾನುವಾರ ಸೇರಿಸಿಕೊಂಡು ಅವರು ಸಂಸಾರ ಸಮೇತ ಚಿಕ್ಕಮಗಳೂರಿಗೆ ಹೋಗಿಬಂದರಂತೆ. ‘ಇಲ್ಲಿ ಯಾರು ಬರುತ್ತಾರೆ ಅನ್ನೋದು ನಿಮಗೆ ಗೊತ್ತಿಲ್ಲವೇ? ನನ್ನ ಒಂದು ಓಟಿನಿಂದ ಏನು ಹೆಚ್ಚುಕಡಿಮೆ ಆಗುತ್ತೆ?’ ಎಂದರು. ಅವರ ಮಗಳು ಪದವಿಯ ಎರಡನೇ ವರ್ಷದಲ್ಲಿದ್ದಾಳೆ. ಅವಳಿಗೆ ಹದಿನೆಂಟು ತುಂಬಿದ್ದರೂ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. ‘ಅಪ್ಪನೇ ಹಾಕಲ್ಲ ಅಂದಮೇಲೆ ನಾನ್ಯಾಕೆ ಅಂಕಲ್ ಫಾರಂ ತುಂಬಲಿ?’ ಎಂದಳು. ತಾಯಿ ಮಾತ್ರ, ‘ಇಬ್ಬರೂ ಹೀಗೇ’ ಎಂದು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಸ್ನೇಹಿತರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಜಯನಗರ ಸೇರಿರುವ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ 1991ರಿಂದ ಪ್ರತಿ ಚುನಾವಣೆಯಲ್ಲೂ ಗೆದ್ದದ್ದು ಒಂದೇ ಪಕ್ಷ, ಭಾರತೀಯ ಜನತಾ ಪಕ್ಷ. 2014ರಲ್ಲಿ ಅಂತರ 2,28,575, 2019ರಲ್ಲಿ 3,31,192, 2024ರಲ್ಲಿ 2,77,083. ಇಂಥ ರಾಶಿಯ ಮುಂದೆ ಒಂದು ಮತ ಸಾಸಿವೆ ಕಾಳೂ ಅಲ್ಲ. ಗೆದ್ದ ಪಕ್ಷದ ಬೆಂಬಲಿಗ ‘ಹೇಗೂ ಗೆಲ್ಲುತ್ತೇವೆ’ ಎಂದು ಮನೆಯಲ್ಲಿರುತ್ತಾನೆ, ಸೋತ ಪಕ್ಷದವನು ‘ಹೇಗೂ ಸೋಲುತ್ತೇವೆ’ ಎಂದು ಮನೆಯಲ್ಲಿರುತ್ತಾನೆ. 2019ರಲ್ಲೂ 2024ರಲ್ಲೂ ಈ ಕ್ಷೇತ್ರದ ಮತದಾನ ನೂರಕ್ಕೆ 53ರ ಆಸುಪಾಸಿನಲ್ಲೇ ನಿಂತಿತು.

ಆದರೆ ಇದೇ ಬೀದಿಗಳಿಗೆ ಇನ್ನೊಂದು ಲೆಕ್ಕವೂ ಇದೆ. ಜಯನಗರ ವಿಧಾನಸಭಾ ಕ್ಷೇತ್ರದಲ್ಲಿ 2018ರಲ್ಲಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ 2,889 ಮತಗಳಿಂದ ಗೆದ್ದರು. 2023ರ ಮೇ 13ರಂದು ಎಣಿಕೆ ನಡೆದಾಗ ಫಲಿತಾಂಶ ರಾತ್ರಿ ಬಹಳ ಹೊತ್ತಾದರೂ ಹೊರಬೀಳಲಿಲ್ಲ. ಮರುಎಣಿಕೆಯಾಯಿತು, ತಿರಸ್ಕೃತವಾಗಿದ್ದ ಅಂಚೆ ಮತಗಳ ಮರುಪರಿಶೀಲನೆಯಾಯಿತು, ಹೊರಗೆ ಎರಡೂ ಕಡೆಯವರ ಜನ ಸೇರಿತು. ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿಯವರಿಗೆ 57,797, ಸೌಮ್ಯಾ ರೆಡ್ಡಿಯವರಿಗೆ 57,781 ಎಂದು ಘೋಷಣೆಯಾಯಿತು. ವ್ಯತ್ಯಾಸ ಹದಿನಾರು. ಒಂದು ಅಪಾರ್ಟ್‌ಮೆಂಟಿನ ಲಿಫ್ಟು ಎರಡು ಸಲ ಇಳಿದು ಹತ್ತಿದರೆ ಅಷ್ಟು ಜನ ಸಿಗುತ್ತಾರೆ! ಆ ದಿನ ಮತದಾನಕ್ಕೆ ಬಾರದವರು ಹೆಚ್ಚುಕಡಿಮೆ ಐವರಲ್ಲಿ ಇಬ್ಬರು.

ಅಂದರೆ ಒಬ್ಬನೇ ಮತದಾರ, ಒಂದೇ ಮನೆ, ಒಂದೇ ಮತಗಟ್ಟೆ. ಒಂದು ಚುನಾವಣೆಯಲ್ಲಿ ಫಲಿತಾಂಶ ಮೊದಲೇ ಗೊತ್ತು. ಇನ್ನೊಂದರಲ್ಲಿ ಮಧ್ಯರಾತ್ರಿ ಸಮೀಪಿಸಿದರೂ ಗೊತ್ತಿಲ್ಲ. ‘ನಮ್ಮ ಏರಿಯಾ ಹೀಗೇ’ ಎನ್ನುವವರು ಯಾವ ಪೆಟ್ಟಿಗೆಯ ಮಾತನ್ನಾಡುತ್ತಿದ್ದಾರೆಂದು ಒಮ್ಮೆ ಕೇಳಿಕೊಳ್ಳಬೇಕು.

ಈ ಲೆಕ್ಕ ಕೇಳಿದ ಹುಡುಗಿಗೆ ಕುತೂಹಲ ಹುಟ್ಟಿತು. ರಜೆಯಿದ್ದ ಕಾರಣ ತಾಯಿ ಮಗಳು ಇಬ್ಬರೂ ನನ್ನೊಡನೆ ಹೊರಟರು. ಅಪ್ಪನಿಗೆ ಕೆಲಸವಿತ್ತು.

ಕನಕಪುರ: ಮುಯ್ಯಿ ಪುಸ್ತಕ

ಬೆಂಗಳೂರಿನಿಂದ ಕನಕಪುರಕ್ಕೆ ಐವತ್ತೈದು ಕಿಲೋಮೀಟರಿನಷ್ಟು. ಹಿಂದೆ ಕಾನಕಾನಹಳ್ಳಿ ಎಂದು ಕರೆಸಿಕೊಳ್ಳುತ್ತಿದ್ದ ಊರು, ಪಕ್ಕದಲ್ಲಿ ಅರ್ಕಾವತಿ. ಹಿಪ್ಪುನೇರಳೆ ತೋಟಗಳ ಸೀಮೆಯಾದ್ದರಿಂದ ರೇಷ್ಮೆಗೂಡಿನ ವ್ಯವಹಾರ ಇಲ್ಲಿಯ ಜೀವಾಳ.

2023ರಲ್ಲಿ ಇಲ್ಲಿ ಡಿ.ಕೆ. ಶಿವಕುಮಾರ್ ಅವರಿಗೆ 1,43,023 ಮತ ಬಂತು. ಎರಡನೆಯ ಸ್ಥಾನದ ಜನತಾದಳ (ಜಾತ್ಯತೀತ) ಅಭ್ಯರ್ಥಿಗೆ 20,631. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗವನ್ನೂ ಪಡೆಯದ ಅಭ್ಯರ್ಥಿಯ ಠೇವಣಿ ಮುಟ್ಟುಗೋಲಾಗುತ್ತದೆ; ಆ ಸಲ ಕನಕಪುರದಲ್ಲಿ ಗೆದ್ದವರೊಬ್ಬರನ್ನು ಬಿಟ್ಟು ಉಳಿದವರ ಗತಿ ಅದೇ ಆಯಿತು. ಮೂರನೆಯ ಸ್ಥಾನಕ್ಕೆ ಹೋದ ಬಿಜೆಪಿಯ ಆರ್. ಅಶೋಕ ಅವರು ಇದೇ ರಸ್ತೆಯ ನಗರದ ತುದಿಯಲ್ಲಿರುವ ಪದ್ಮನಾಭನಗರದಲ್ಲಿ ಅದೇ ದಿನ ಗೆದ್ದರು. ಒಂದು ಗಂಟೆ ಹಾದಿಯಲ್ಲಿ ‘ಗೊತ್ತಿರುವ ಫಲಿತಾಂಶ’ ಪೂರ್ತಿ ತಿರುಗಿ ಕೂತಿತ್ತು.

ಹಾಗಾದರೆ ಕನಕಪುರದವರು ಮನೆಯಲ್ಲೇ ಕುಳಿತರೇ? ಇಲ್ಲ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಬಂದು ಮತ ಹಾಕಿದರು. ಹದಿನಾರು ಮತಗಳ ಜಯನಗರದಲ್ಲಿ ಸಾಲು ಚಿಕ್ಕದು, ಲಕ್ಷ ಮತಗಳ ಕನಕಪುರದಲ್ಲಿ ಸಾಲು ಉದ್ದ! ಫಲಿತಾಂಶ ಗೊತ್ತಿರುವುದಕ್ಕೂ ಮನೆಯಲ್ಲಿ ಕೂರುವುದಕ್ಕೂ ನಾವು ಅಂದುಕೊಂಡಷ್ಟು ನಂಟಿಲ್ಲ ಎಂದಾಯಿತು.

ಗೂಡು ಮಾರಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸನ್ನು ನಮ್ಮ ಹುಡುಗಿಯೇ ಮಾತಿಗೆಳೆದಳು. ‘ಇಲ್ಲಿ ಯಾರು ಗೆಲ್ತಾರೆ ಅಂತ ನಿಮಗೆ ಗೊತ್ತೇ ಇರುತ್ತಲ್ವಾ ಅಕ್ಕ, ಮತ್ತೆ ಯಾಕೆ ಓಟು ಹಾಕೋಕೆ ಹೋಗ್ತೀರಿ?’

ಆಕೆ ನಕ್ಕುಬಿಟ್ಟರು. ‘ಗಂಡು ಯಾರು, ಹೆಣ್ಣು ಯಾರು ಅಂತ ಗೊತ್ತಿದ್ದೇ ಅಲ್ವೇನವ್ವ ಮದುವೆಗೆ ಹೋಗೋದು? ನಾವು ಹೋಗ್ದಿದ್ರೆ ತಾಳಿ ಕಟ್ಟೋದು ನಿಂತೋಗುತ್ತಾ? ಆದ್ರೂ ಹೋಗಿ ಮುಯ್ಯಿ ಬರೆಸ್ತೀವಿ. ನಾಳೆ ನಮ್ಮನೆ ಮದುವೆ ಬಂದಾಗ ಅವರೂ ಪುಸ್ತಕ ತೆಗೆದು ನೋಡ್ತಾರೆ.’

ಮುಯ್ಯಿ ಎಂದರೇನೆಂದು ನಗರದ ಮಕ್ಕಳಿಗೆ ಹೇಳಬೇಕಾದೀತು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಮದುವೆಗೆ ಬಂದವರು ಕೊಡುವ ಹಣವನ್ನು ಒಬ್ಬರು ಕುಳಿತು ಹೆಸರು ಸಮೇತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೊಟ್ಟದ್ದು ಐವತ್ತೋ ಐನೂರೋ, ಬರೆಯದೆ ಬಿಡುವುದಿಲ್ಲ. ಮದುವೆಯ ಖರ್ಚಿನ ಮುಂದೆ ಆ ಐವತ್ತು ರೂಪಾಯಿ ಏನೂ ಅಲ್ಲ. ಆದರೆ ಪುಸ್ತಕದಲ್ಲಿ ಹೆಸರಿಲ್ಲದ ಮನೆಯವರು ಇದ್ದೂ ಇಲ್ಲದವರು.

ಚುನಾವಣೆಗೂ ಇಂಥ ಪುಸ್ತಕವೊಂದಿದೆ. ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸುವ ಏರ್ಪಾಡಿತ್ತು. ಮತಯಂತ್ರ ಬಂದ ಮೇಲೆ ಎಣಿಕೆ ಮತಗಟ್ಟೆವಾರು ನಡೆಯುತ್ತದೆ, ಪಟ್ಟಿ ಪ್ರಕಟವಾಗುತ್ತದೆ. ಯಾರು ಯಾರಿಗೆ ಹಾಕಿದರೆಂಬುದು ಗುಟ್ಟಾಗಿಯೇ ಉಳಿಯುತ್ತದೆ. ಆದರೆ ಯಾವ ಮತಗಟ್ಟೆಗೆ ಎಷ್ಟು ಜನ ಬಂದರು, ಯಾವ ಪಕ್ಷಕ್ಕೆ ಎಷ್ಟು ಬಿತ್ತು ಎಂಬುದು ಗೆದ್ದವರಿಗೂ ಗೊತ್ತು, ಸೋತವರಿಗೂ ಗೊತ್ತು. ಮುಂದಿನ ಸಲ ಯಾರನ್ನು ನಿಲ್ಲಿಸಬೇಕು, ಯಾವ ಬೀದಿಗೆ ಎರಡು ಸಲ ಹೋಗಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬುದನ್ನು ಅವರು ಈ ಪಟ್ಟಿ ಇಟ್ಟುಕೊಂಡೇ ತೀರ್ಮಾನಿಸುತ್ತಾರೆ. ನೂರಕ್ಕೆ ಎಂಬತ್ತು ಬರುವ ಬೀದಿಯ ಮೋರಿಗೂ ನೂರಕ್ಕೆ ನಲವತ್ತು ಬರುವ ಬೀದಿಯ ಮೋರಿಗೂ ರಾಜಕಾರಣಿಯ ಕಣ್ಣಿನಲ್ಲಿ ವ್ಯತ್ಯಾಸವಿದೆ.

ಈ ಪುಸ್ತಕಕ್ಕೆ ಇನ್ನೊಂದು ಮುಖವೂ ಇದೆಯೆಂಬುದನ್ನು ಮರೆಯಬಾರದು. ಹಳ್ಳಿಯಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಎಲ್ಲರೂ ನೋಡುತ್ತಿರುತ್ತಾರೆ. ಬೂತಿನ ಏಜೆಂಟರು ಪಟ್ಟಿಯಲ್ಲಿ ಗೀಟು ಹಾಕುತ್ತಾ ಕೂತಿರುತ್ತಾರೆ. ದಾಕ್ಷಿಣ್ಯಕ್ಕೆ, ಹೆದರಿಕೆಗೆ ಬರುವವರೂ ಉಂಟು. ಸಾಲಿನ ಉದ್ದವನ್ನೆಲ್ಲ ಉತ್ಸಾಹವೆಂದು ತಿಳಿಯಬೇಕಾಗಿಲ್ಲ. ಆದರೆ ಮದುವೆಯ ಹೋಲಿಕೆ ಕೊಟ್ಟ ಆ ತಾಯಿಯ ಮಾತಿನಲ್ಲಿ ಹೆದರಿಕೆ ಕಾಣಲಿಲ್ಲ. ಲೆಕ್ಕ ತಿಳಿದವರ ಮಾತು ಅದು.

ಕನಕಪುರ ಯಾವಾಗಲೂ ಹೀಗೆಯೇ ಇತ್ತೇ ಎಂದರೆ ಅದೂ ಇಲ್ಲ. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರು ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆಗೆ ಹೋದದ್ದು ಈ ಕ್ಷೇತ್ರದಿಂದ. 1985ರಿಂದ 2004ರವರೆಗೆ ಜನತಾ ಪರಿವಾರದ ಪಿ.ಜಿ.ಆರ್. ಸಿಂಧ್ಯಾ ಇಲ್ಲಿ ಬಿಡದೆ ಗೆದ್ದರು. ಆಗಿನವರನ್ನು ಕೇಳಿದ್ದರೆ ‘ಇದು ಜನತಾ ಕೋಟೆ, ಬೇರೆಯವರಿಗೆ ಜಾಗವಿಲ್ಲ’ ಎನ್ನುತ್ತಿದ್ದರು. 2008ರಿಂದ ಕಾಂಗ್ರೆಸ್ಸಿನದೇ ಸರದಿ. ಲೋಕಸಭೆಯ ಕಥೆ ಇನ್ನೂ ಸ್ವಾರಸ್ಯ. ಅಂದಿನ ಕನಕಪುರ ಲೋಕಸಭಾ ಕ್ಷೇತ್ರದಲ್ಲಿ 2002ರ ಉಪಚುನಾವಣೆ ಗೆದ್ದಿದ್ದ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ಎರಡೇ ವರ್ಷಕ್ಕೆ, 2004ರಲ್ಲಿ, ಪತ್ರಕರ್ತೆಯಾಗಿದ್ದ ತೇಜಸ್ವಿನಿ ಅವರೆದುರು ಸೋತರು. ಆಮೇಲೆ ಬೆಂಗಳೂರು ಗ್ರಾಮಾಂತರವೆಂದು ಹೆಸರು ಬದಲಾದ ಕ್ಷೇತ್ರದಿಂದ 2019ರಲ್ಲಿ ಡಿ.ಕೆ. ಸುರೇಶ್ ಗೆದ್ದಾಗ ಅವರು ರಾಜ್ಯದ ಇಪ್ಪತ್ತೆಂಟು ಸ್ಥಾನಗಳಲ್ಲಿ ಕಾಂಗ್ರೆಸ್ಸಿನ ಏಕೈಕ ಸಂಸದ. ಅಂಥ ಅಲೆಯಲ್ಲೂ ಅಲ್ಲಾಡದ ಕ್ಷೇತ್ರವೆಂದರು. ಮುಂದಿನ ಸಲವೇ, 2024ರಲ್ಲಿ, ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಅವರೆದುರು 2,69,647 ಮತಗಳಿಂದ ಅದು ಉರುಳಿತು. ‘ಇಲ್ಲಿ ಯಾರು ಗೆಲ್ಲುತ್ತಾರೆಂದು ಗೊತ್ತೇ ಇದೆ’ ಎಂಬುದು ಎಂದೂ ಮುಂದಿನ ಚುನಾವಣೆಯ ಮಾತಲ್ಲ, ಹಿಂದಿನದರ ನೆನಪು.

ಕಾವೇರಿಯಾಚೆ

ಸಾತನೂರು ಬಿಟ್ಟ ಮೇಲೆ ಬೆಟ್ಟಗುಡ್ಡಗಳ ನಡುವಿನ ದಾರಿ. ಹಲಗೂರು, ಮಳವಳ್ಳಿಗಳಲ್ಲಿ ಕಬ್ಬು, ಭತ್ತದ ಹಸಿರು. ಮುಂದೆ ಶಿವನಸಮುದ್ರ. 1902ರಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು ನೇರ ಕೋಲಾರದ ಚಿನ್ನದ ಗಣಿಗೆ ಹೋಯಿತೆಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ಕಾವೇರಿ ದಾಟಿ ಸತ್ತೇಗಾಲದ ಹ್ಯಾಂಡ್‌ಪೋಸ್ಟ್ ಕಳೆದರೆ ಕೊಳ್ಳೇಗಾಲ. 1956ರಲ್ಲಿ ರಾಜ್ಯ ಪುನರ್ವಿಂಗಡಣೆ ಆಗುವವರೆಗೆ ಈ ತಾಲ್ಲೂಕು ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಕೈಮಗ್ಗದ ರೇಷ್ಮೆ ಸೀರೆಗೆ ಹೆಸರಾದ ಊರು. ನಮ್ಮ ಜೊತೆಯ ತಾಯಿಯವರಿಗೆ ಇಲ್ಲಿ ಇನ್ನೊಂದು ಗಂಟೆ ಬೇಕಿತ್ತು; ಬಸ್ಸು ಬಿಡಲಿಲ್ಲ.

ಕೊಳ್ಳೇಗಾಲವನ್ನು ಯಾರದೇ ಕೋಟೆಯೆನ್ನುವುದು ಕಷ್ಟ. 2018ರಲ್ಲಿ ಎನ್. ಮಹೇಶ್ ಅವರು ಬಹುಜನ ಸಮಾಜ ಪಕ್ಷದಿಂದ ನಿಂತು ಕಾಂಗ್ರೆಸ್ಸಿನ ಎ.ಆರ್. ಕೃಷ್ಣಮೂರ್ತಿಯವರನ್ನು 19,454 ಮತಗಳಿಂದ ಸೋಲಿಸಿದರು. ಆ ಸಲ ರಾಜ್ಯದಲ್ಲಿ ಆ ಪಕ್ಷ ಗೆದ್ದದ್ದು ಇದೊಂದೇ ಸ್ಥಾನ. 2023ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು, ಮಹೇಶ್ ಈಗ ಬಿಜೆಪಿಯಲ್ಲಿ. ಕೃಷ್ಣಮೂರ್ತಿ 59,519 ಮತಗಳಿಂದ ಗೆದ್ದರು. ಇಬ್ಬರೂ ಅವರೇ, ಊರೂ ಅದೇ. ತಿರುಗಿದ್ದು ಮತದಾರರು. ಈ ಕೃಷ್ಣಮೂರ್ತಿಯವರ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕೊಳ್ಳೇಗಾಲದಿಂದ ಎಡಕ್ಕೆ ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟದ ದಾರಿ. ನಾವು ಆ ಕಡೆ ತಿರುಗಲಿಲ್ಲ. ಆದರೆ ಆ ಬೆಟ್ಟದ ಕಾಡಂಚಿನ ಇಂಡಿಗನತ್ತ ಗ್ರಾಮದ ವಿಷಯ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಜಯನಗರದ ನನ್ನ ಸ್ನೇಹಿತರು ಚಿಕ್ಕಮಗಳೂರಿನಲ್ಲಿದ್ದ ಅದೇ 2024ರ ಏಪ್ರಿಲ್ 26ರಂದು ಇಂಡಿಗನತ್ತದ ಜನ ರಸ್ತೆ, ನೀರು ಮುಂತಾದ ಸೌಕರ್ಯವಿಲ್ಲವೆಂದು ಮತದಾನ ಬಹಿಷ್ಕರಿಸಿದರು. ಅಧಿಕಾರಿಗಳು ಮನವೊಲಿಸಲು ಹೋದಾಗ ಘರ್ಷಣೆಯಾಗಿ ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಪುಡಿಯಾಯಿತು. ಏಪ್ರಿಲ್ 29ರಂದು ಮರುಮತದಾನ ನಡೆದಾಗ ಬಂದವರು ಕೆಲವೇ ಮಂದಿ.

ಯಂತ್ರ ಒಡೆದದ್ದನ್ನು ಯಾರೂ ಸರಿಯೆನ್ನಲಾರರು. ಆದರೆ ಆ ಹಳ್ಳಿಯವರ ‘ನಮ್ಮ ಓಟಿನಿಂದ ಏನಾಗುತ್ತೆ’ ಎಂಬ ಮಾತೂ ಜಯನಗರದ ‘ನನ್ನ ಓಟಿನಿಂದ ಏನಾಗುತ್ತೆ’ ಎಂಬ ಮಾತೂ ಒಂದೇ ತೂಕದ್ದಲ್ಲ. ಅವರು ಹಾಕಿ ನೋಡಿ ಬೇಸತ್ತವರು. ಇವರು ಹಾಕದೆಯೇ ಬೇಸತ್ತವರು. ಅವರಿಗೆ ಆಸ್ಪತ್ರೆಗೆ ಹೋಗಲು ದಾರಿ ಬೇಕು. ಇವರ ಮನೆಯ ಮುಂದೆ ಡಾಂಬರು ಹಾಕಿ ಎಷ್ಟೋ ವರ್ಷವಾಗಿದೆ. ಬಸ್ಸಿನ ಕಿಟಕಿಯಿಂದ ದೂರದ ಬೆಟ್ಟದ ಸಾಲನ್ನು ನೋಡುತ್ತಿದ್ದ ಹುಡುಗಿ, ‘ಅಲ್ಲಿ ಬೂತ್ ಒಡೆದಿದ್ದು ಟೀವಿಲಿ ನೋಡಿದ್ದೆ ಅಂಕಲ್. ಹೋಂಸ್ಟೇಲಿ ಕೂತು ನೋಡಿದ್ವಿ’ ಎಂದಳು. ತಾಯಿ ಏನೂ ಮಾತಾಡಲಿಲ್ಲ.

ಸಂತೆಮರಹಳ್ಳಿ: 40,752 ಮತ್ತು 40,751

ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿದ್ದ ಊರು. ಇಲ್ಲಿನ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳ ಸರಪಳಿಯನ್ನು ನೋಡಿಯೇ ಮುಂದೆ ಹೋಗಬೇಕು. ಒಂದೇ ಕಲ್ಲಿನಲ್ಲಿ ಕಡೆದ ಬಳೆಗಳು ಒಂದಕ್ಕೊಂದು ಕೊಂಡಿಯಾಗಿ ನೇತಾಡುತ್ತವೆ. ಸುವರ್ಣಾವತಿ ಹೊಳೆ, ಗದ್ದೆ, ತೆಂಗಿನ ತೋಟ ದಾಟಿದರೆ ಸಂತೆಮರಹಳ್ಳಿ.

ನೋಡಲು ಅಂಥ ವಿಶೇಷವೇನೂ ಇಲ್ಲದ ಊರು. ಚಾಮರಾಜನಗರ, ಯಳಂದೂರು, ತಿರುಮಕೂಡಲು ನರಸೀಪುರದ ಕಡೆಯ ದಾರಿಗಳು ಇಲ್ಲಿ ಕೂಡುತ್ತವೆ. ಬಸ್ಸು ಬದಲಿಸುವವರು, ಹೂವು ಹಣ್ಣು ಮಾರುವವರು, ಟೀ ಅಂಗಡಿಗಳು. ಇಲ್ಲಿ ನಡೆದದ್ದಕ್ಕೆ ಕಲ್ಲಿನ ಗುರುತು ಯಾವುದೂ ಇಲ್ಲ.

2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ಬಿದ್ದ ಮತ 40,752. ಜನತಾದಳ (ಜಾತ್ಯತೀತ) ಅಭ್ಯರ್ಥಿಗೆ 40,751. ಸೋತವರು ಇದೇ ಎ.ಆರ್. ಕೃಷ್ಣಮೂರ್ತಿ, ಈ ಸೀಮೆಯ ಹಿರಿಯ ರಾಜಕಾರಣಿ, ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ. ಅವರ ಕಾರು ಚಾಲಕನಿಗೇ ಆ ದಿನ ಮತ ಹಾಕಲು ಬಿಡುವಾಗಲಿಲ್ಲವೆಂಬ ಕಥೆ ಪತ್ರಿಕೆಗಳಲ್ಲಿ ಬಂದು, ಇಂದಿಗೂ ಈ ದಾರಿಯಲ್ಲಿ ಓಡಾಡುತ್ತಿದೆ. ನಾಲ್ಕು ವರ್ಷದ ಬಳಿಕ, 2008ರಲ್ಲಿ, ರಾಜಸ್ಥಾನದ ನಾಥದ್ವಾರದಲ್ಲೂ ಹೀಗೇ ಆಯಿತು: 62,216ಕ್ಕೆ 62,215.

ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ಈ ಲೆಕ್ಕವನ್ನು ಹೇಳಿದಾಗ ನಮ್ಮ ಹುಡುಗಿ ಒಂದು ಪಟ್ಟು ಹಾಕಿದಳು. ‘ಆದ್ರೆ ಅಂಕಲ್, ಇದು ಎಷ್ಟು ಸಲ ಆಗಿದೆ? ಸಾವಿರಾರು ಎಲೆಕ್ಷನ್‌ನಲ್ಲಿ ಒಂದೋ ಎರಡೋ. ಲಾಟರಿ ಹೊಡೆದವನನ್ನು ತೋರಿಸಿ ಎಲ್ಲರೂ ಟಿಕೆಟ್ ತಗೊಳ್ಳಿ ಅಂದ ಹಾಗಾಯ್ತು.’

ಮೆಚ್ಚಬೇಕಾದ ಮಾತು. ಹಿರಿಯರು ಮಕ್ಕಳಿಗೆ ಒಂದು ಮತದ ಕಥೆಯನ್ನು ಹೇಳಿ ಕೈತೊಳೆದುಕೊಳ್ಳುವುದುಂಟು. ಅಷ್ಟಕ್ಕೆ ಒಪ್ಪಿಬಿಡಬಾರದು. ನಾನು ಉತ್ತರ ಹುಡುಕುವಷ್ಟರಲ್ಲಿ ಪಕ್ಕದಲ್ಲಿ ಬೀಡಿ ಕಟ್ಟು ಹಿಡಿದು ಕೂತಿದ್ದ ಹಿರಿಯರೊಬ್ಬರು ಬಾಯಿ ಹಾಕಿದರು.

‘ಅಲ್ಲ ಕನವ್ವ, ಆ ಒಂದು ಓಟು ಯಾರ್ದು ಹೇಳು ನೋಡಣ?’

‘ಅದು ಹೇಗೆ ಗೊತ್ತಾಗುತ್ತೆ ತಾತ?’

‘ಗೊತ್ತಾಗಕಿಲ್ಲ. ನಲವತ್ತು ಸಾವ್ರ ಜನ್ವೂ ನಂದೇ ಅಂತಾರೆ. ಒಬ್ರುದೂ ಸುಳ್ಳಲ್ಲ. ಒಬ್ಬ ಬರ್ದೇ ಇದ್ದಿದ್ರೂ ಗೆಲ್ತಿರ್ಲಿಲ್ಲ ತಾನೆ? ಅವತ್ತು ಮನೇಲಿದ್ದೋರು ಮಾತ್ರ ಯಾರೂ ಬಾಯಿ ಬುಡಲ್ಲ.’

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿರಿಯರು ಹೇಳಿದ್ದರಲ್ಲಿ ಅವಳ ಪ್ರಶ್ನೆಗೂ ಉತ್ತರವಿತ್ತು. ಲಾಟರಿಯಲ್ಲಿ ಬಹುಮಾನ ಬಾರದ ಚೀಟಿ ಬರಿಯ ಕಾಗದ. ಮತ ಹಾಗಲ್ಲ. ಗೆದ್ದ ಕಡೆಯಲ್ಲಿದ್ದರೂ ಸೋತ ಕಡೆಯಲ್ಲಿದ್ದರೂ ಅದು ಲೆಕ್ಕದಲ್ಲಿ ಉಳಿಯುತ್ತದೆ. ಠೇವಣಿ ಉಳಿಸುವುದು ಅದೇ, ಅಂತರವನ್ನು ಹೆಚ್ಚಿಸುವುದು ಕುಗ್ಗಿಸುವುದು ಅದೇ, ‘ಇಲ್ಲಿಯೂ ನಮಗೆ ಇಷ್ಟು ಜನರಿದ್ದಾರೆ’ ಎಂದು ಮುಂದಿನ ಸಲ ಒಳ್ಳೆಯ ಅಭ್ಯರ್ಥಿಯೊಬ್ಬನಿಗೆ ಧೈರ್ಯ ಕೊಡುವುದೂ ಅದೇ. ಯಾರೂ ಬೇಡವೆಂದರೆ ಅದನ್ನೂ ಹೇಳುವ ಗುಂಡಿ 2013ರಿಂದ ಮತಯಂತ್ರದಲ್ಲಿದೆ. ‘ನೋಟಾ’ದಿಂದ ಫಲಿತಾಂಶ ಬದಲಾಗುವುದಿಲ್ಲ, ನಿಜ. ಆದರೆ ಬಾರದವನ ಮೌನವನ್ನು ಸೋಮಾರಿತನವೆಂದೂ ಓದಬಹುದು, ಸಮ್ಮತಿಯೆಂದೂ ಓದಬಹುದು. ನೋಟಾವನ್ನು ಒಂದೇ ರೀತಿ ಓದಬಹುದು.

ಒಂದು ಮತದಿಂದ ವಿಧಾನಸಭೆಗೆ ಹೋದ ಧ್ರುವನಾರಾಯಣ ಅವರ ಮುಂದಿನ ಕಥೆಯೂ ಇಲ್ಲಿ ಹೇಳತಕ್ಕದ್ದು. 2008ರಲ್ಲಿ ಕೊಳ್ಳೇಗಾಲದಿಂದ ಶಾಸಕರಾದರು, 2009 ಮತ್ತು 2014ರಲ್ಲಿ ಚಾಮರಾಜನಗರದ ಸಂಸದರಾದರು. 2019ರಲ್ಲಿ ವಿ. ಶ್ರೀನಿವಾಸಪ್ರಸಾದ್ ಅವರೆದುರು ಸೋತರು: 5,68,537ಕ್ಕೆ 5,66,720. ಅಂತರ 1,817 ಮತಗಳು, ಅದೂ ಹನ್ನೊಂದು ಲಕ್ಷಕ್ಕೂ ಮೀರಿದ ಮತಗಳ ನಡುವೆ. ಒಂದೆರಡು ದೊಡ್ಡ ಕಾಲೇಜುಗಳ ಹುಡುಗ ಹುಡುಗಿಯರು ಸೇರಿದರೆ ಅಷ್ಟಾಗುತ್ತದೆ. ಇಂದು ಅವರಿಬ್ಬರೂ ನಮ್ಮೊಡನಿಲ್ಲ. 2023 ಮತ್ತು 2024ರಲ್ಲಿ ತೀರಿಕೊಂಡರು. 2008ರ ಪುನರ್ವಿಂಗಡಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರವೂ ಹೋಯಿತು. ಹೋಗದೆ ಉಳಿದದ್ದು ಆ ಎರಡು ಸಂಖ್ಯೆಗಳು.

ಎಲ್ಲಿ ಭಾರ ಹೆಚ್ಚು?

ಒಂದು ಮತದ ತೂಕ ಎಲ್ಲ ಚುನಾವಣೆಯಲ್ಲೂ ಒಂದೇ ಅಲ್ಲ ಎಂಬುದನ್ನು ನಾವು ಮಕ್ಕಳಿಗೆ ಹೇಳಿಕೊಡುವುದಿಲ್ಲ. ಲೋಕಸಭೆಯಲ್ಲಿ ಅದು ಹತ್ತು ಹದಿನೈದು ಲಕ್ಷದಲ್ಲಿ ಒಂದು. ವಿಧಾನಸಭೆಯಲ್ಲಿ ಎರಡು ಲಕ್ಷದ ಸುಮಾರಿನಲ್ಲಿ ಒಂದು. ಕರ್ನಾಟಕದ ಗ್ರಾಮ ಪಂಚಾಯಿತಿಯಲ್ಲಾದರೆ ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯನೆಂಬ ಲೆಕ್ಕ. ಅಲ್ಲಿ ಎರಡು ಮೂರು ಮನೆಯವರು ಬಂದರೆ ಸದಸ್ಯ ಬದಲಾಗಬಹುದು. ಸಮಸಮ ಬಂದರೆ ಚೀಟಿ ಎತ್ತುವುದೂ ಉಂಟು. ಬೀದಿದೀಪ, ಚರಂಡಿ, ಕುಡಿಯುವ ನೀರು ನೋಡಿಕೊಳ್ಳುವುದೂ ಆ ಪಂಚಾಯಿತಿಯೇ. ಬೆಂಗಳೂರಿನವರಿಗೆ ಆ ಭಾರದ ಮತ ಕೈಯಲ್ಲಿಲ್ಲದ ಕಾಲವೂ ಬಂತು. 2015ರಲ್ಲಿ ಆಯ್ಕೆಯಾದ ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಳ ಕಾಲ ವಾರ್ಡಿನ ಚುನಾವಣೆ ನಡೆಯಲಿಲ್ಲ. ‘ನನ್ನ ಓಟಿನಿಂದ ಏನಾಗುತ್ತೆ’ ಎನ್ನುವ ನಗರದವರು ಕೂಗಿ ಕೇಳಬೇಕಾದದ್ದು ಇದನ್ನು. ದೊಡ್ಡ ಸಂಖ್ಯೆಯಲ್ಲಿ ಗದ್ದಲವಾಗಿ ಕೇಳಲೂ ಇಲ್ಲ.

ತಂದೆತಾಯಿಗಳಿಗೆ ಒಂದು ಮಾತು. ಮಕ್ಕಳಿಗೆ ಶಾಲೆಯಲ್ಲಿ ಪೌರನೀತಿಯ ಪಾಠವಿದೆ, ಪರೀಕ್ಷೆಯಲ್ಲಿ ಅದಕ್ಕೆ ಅಂಕವಿದೆ. ಆದರೆ ಮತದಾನದ ದಿನ ಮನೆಯ ಹಿರಿಯರು ಸೂಟ್‌ಕೇಸ್ ಕಟ್ಟುತ್ತಾರೋ, ಚಪ್ಪಲಿ ಮೆಟ್ಟಿ ಮತಗಟ್ಟೆಗೆ ಹೊರಡುತ್ತಾರೋ ಎಂಬ ಪಾಠವೇ ಅವರಿಗೆ ಹತ್ತುವುದು. ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ದೇಶದ ಚುನಾವಣೆಗಳಿಗೆಲ್ಲ ಅಳಿಸದ ಶಾಯಿಯನ್ನು ಮಾಡಿ ಕಳಿಸುತ್ತಿದೆ. ಆ ಶಾಯಿ ಅಪ್ಪ ಅಮ್ಮನ ಬೆರಳಿನಲ್ಲಿ ಕಂಡರೆ ಮಕ್ಕಳಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಸಂತೆಮರಹಳ್ಳಿಯ ನಾಲ್ಕು ದಾರಿ ಕೂಡುವಲ್ಲಿ ಸಂಜೆಯ ಬಸ್ಸುಗಳು ಬಂದು ನಿಲ್ಲುತ್ತವೆ. ಇಳಿಯುವವರು, ಹತ್ತುವವರು, ಚೀಲ ಹೊತ್ತವರು, ಕಾಲೇಜಿನಿಂದ ಬರುವ ಮಕ್ಕಳು. ಅವರಲ್ಲಿ 40,752ರೊಳಗಿನವರು ಯಾರು, 40,751ರೊಳಗಿನವರು ಯಾರು, ಎರಡರಲ್ಲೂ ಇಲ್ಲದವರು ಯಾರು ಎಂದು ಮುಖ ನೋಡಿ ಹೇಳಲಾಗುವುದಿಲ್ಲ. ಅವರವರಿಗೆ ಮಾತ್ರ ಗೊತ್ತು.

ಹೋಗುವುದು ಹೇಗೆ?

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಮಾರ್ಗವಾಗಿ ಕೊಳ್ಳೇಗಾಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸುಗಳಿವೆ. ಅಲ್ಲಿಂದ ಯಳಂದೂರು, ಸಂತೆಮರಹಳ್ಳಿ ಮೇಲೆ ಚಾಮರಾಜನಗರಕ್ಕೆ ಬೇರೆ ಬಸ್ಸು ಹಿಡಿಯಬಹುದು. ದಾರಿಯಲ್ಲಿ ಶಿವನಸಮುದ್ರ, ಯಳಂದೂರಿನ ಬಳೆಮಂಟಪ, ಬಿಳಿಗಿರಿರಂಗನ ಬೆಟ್ಟ ನೋಡತಕ್ಕವು. ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಒಳ್ಳೆಯವು.

ಪಟ್ಟಿಗೆ ಸೇರುವುದು ಹೇಗೆ?

ಮತದಾನದ ವಯಸ್ಸು 1989ರಲ್ಲಿ ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿದವರು ಮಾತ್ರ ಹೆಸರು ಸೇರಿಸಬಹುದಿತ್ತು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. ಹದಿನೇಳು ದಾಟಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ತುಂಬಬೇಕಾದದ್ದು ನಮೂನೆ 6. ನಿಮ್ಮ ಮತಗಟ್ಟೆಯ ಅಧಿಕಾರಿಯ ಬಳಿಯೂ ಸಿಗುತ್ತದೆ, ಚುನಾವಣಾ ಆಯೋಗದ ಜಾಲತಾಣದಲ್ಲೂ ತುಂಬಬಹುದು. ವಾಸಸ್ಥಳಕ್ಕೆ, ವಯಸ್ಸಿಗೆ ದಾಖಲೆ ಮತ್ತು ಒಂದು ಭಾವಚಿತ್ರ ಸಿದ್ಧವಿರಲಿ. ಚುನಾವಣೆ ಘೋಷಣೆಯಾದ ಮೇಲೆ ಓಡಾಡುವುದಕ್ಕಿಂತ ಈಗಲೇ ಮಾಡಿಕೊಳ್ಳುವುದು ಲೇಸು.